ಹಾಸನದ ಮನೆಯಲ್ಲೊಂದು ನೇಮ್‌ಸರ್ವರ್

ಕೆಲವು ಮಳೆಗಾಲದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ ಆಲ್ದೂರಿನಿಂದ ಅಕ್ಕ ಫೋನ್ ಮಾಡಿದಳು. ಅಕ್ಕ-ಭಾವ ಅಲ್ಲಿ ತೋಟದ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ. "ಲೋ, ನಮ್ಮ ವೆಬ್‌ಸೈಟ್ ಓಪನ್ ಆಗ್ತಿಲ್ಲ ಅಂತ ಬೆಂಗಳೂರಿನವರು ಇಬ್ಬರು ಫೋನ್ ಮಾಡಿದ್ರು. ನನ್ನ ಫೋನಲ್ಲಿ ನೋಡಿದ್ರೆ ಚೆನ್ನಾಗೇ ಬರ್ತಿದೆ. ಏನಾಗಿದೆ ಸ್ವಲ್ಪ ನೋಡು."

ವೆಬ್‌ಸೈಟ್ ಇದ್ದದ್ದು ಮುಂಬೈನ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ತೆಗೆದುಕೊಂಡ ಒಂದು ಸಣ್ಣ ಸರ್ವರಿನಲ್ಲಿ. ಅದು ಆರಾಮಾಗಿ ಓಡುತ್ತಿತ್ತು. ಕೆಟ್ಟಿದ್ದು ಹಾಸನದಲ್ಲಿ, ನನ್ನ ಮನೆಯಲ್ಲಿ. ಹಿಂದಿನ ರಾತ್ರಿ ಗಾಳಿಗೆ ನಮ್ಮ ಬೀದಿ ಕೊನೆಯ ಮರದ ಕೊಂಬೆ ಮುರಿದು, ಕರೆಂಟ್ ಕಂಬದ ಮೇಲೆ ಎಳೆದಿದ್ದ ಫೈಬರ್ ತುಂಡಾಗಿತ್ತು. ಅಕ್ಕನ ವೆಬ್‌ಸೈಟ್ ಯಾವ ವಿಳಾಸದಲ್ಲಿದೆ ಅಂತ ಕೇಳಿದವರಿಗೆಲ್ಲ ಹೇಳಬೇಕಾದ ನೇಮ್‌ಸರ್ವರ್ ನನ್ನ ಕೋಣೆಯ ಶೆಲ್ಫಿನ ಮೇಲಿತ್ತು. ಅಂಗೈಯಗಲದ ಕಂಪ್ಯೂಟರ್, ಪಕ್ಕದಲ್ಲಿ ರೂಟರ್, ಕೆಳಗೆ ಯುಪಿಎಸ್. ಮೂರರ ದೀಪವೂ ಉರಿಯುತ್ತಿತ್ತು. ಹೊರಗಿನಿಂದ ಒಂದು ಪ್ರಶ್ನೆಯೂ ಅಲ್ಲಿಗೆ ತಲುಪುತ್ತಿರಲಿಲ್ಲ.

ಮನೆಯ ಇಂಟರ್‌ನೆಟ್ ಲೈನಿನಲ್ಲಿ ನಮ್ಮದೇ ನೇಮ್‌ಸರ್ವರ್ ಇಡಬಹುದಾ? ಖಂಡಿತ ಇಡಬಹುದು. ನಾನು ಈಗಲೂ ಇಟ್ಟಿದ್ದೇನೆ. ಆದರೆ ನೇಮ್‌ಸರ್ವರ್ ಅನ್ನುವ ಒಂದೇ ಪದದಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಹೆಸರಿನ ಲೆಕ್ಕ ಬರೆದು ಇಡುವುದು ಒಂದು. ಬಂದು ಕೇಳಿದವರಿಗೆ ಉತ್ತರ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಮನೆಗಿಂತ ಒಳ್ಳೆಯ ಜಾಗ ಇಲ್ಲ. ಎರಡನೆಯದಕ್ಕೆ ಮನೆ ಒಂದನ್ನೇ ನಂಬಬಾರದು. ಆ ಬೆಳಿಗ್ಗೆ ನನ್ನ ಹತ್ತಿರ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದವು.

ದಾರಿ ಕೇಳುತ್ತಾ ಹೋಗುವುದು

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಒಬ್ಬರು ಅಕ್ಕನ ತೋಟಕ್ಕೆ ಹೋಗಬೇಕು ಅಂದುಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ಆ ತೋಟ ಯಾರಿಗೂ ಗೊತ್ತಿಲ್ಲ. ಆದರೆ "ಆಲ್ದೂರಾ? ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿ ಕೇಳಿ" ಅಂತ ಹೇಳುವವರು ಸಿಗುತ್ತಾರೆ. ಚಿಕ್ಕಮಗಳೂರಿನಲ್ಲಿ ಆಲ್ದೂರಿನ ಬಸ್ ತೋರಿಸುತ್ತಾರೆ. ಆಲ್ದೂರಿನ ಅಂಗಡಿಯವರು ಯಾವ ರಸ್ತೆ ಅಂತ ಹೇಳುತ್ತಾರೆ. ಕೊನೆಗೆ ಲೈನ್ ಮನೆಯ ಹತ್ತಿರ ನಿಂತವರು ಗೇಟನ್ನೇ ಕೈತೋರಿಸುತ್ತಾರೆ. ದಾರಿಯಲ್ಲಿ ಯಾರಿಗೂ ಪೂರ್ತಿ ದಾರಿ ಗೊತ್ತಿರಲಿಲ್ಲ. ಮುಂದೆ ಯಾರನ್ನು ಕೇಳಬೇಕು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ವ್ಯವಸ್ಥೆ ನಡೆಯುವುದು ಹೀಗೇ. ಅಕ್ಕನ ಡೊಮೇನ್ ಹೆಸರು ನಮ್ಮತೋಟ.ಇನ್ ಅಂತ ಇಟ್ಟುಕೊಳ್ಳೋಣ, ಇದು ಉದಾಹರಣೆಗೆ ಅಷ್ಟೆ. ಬೆಂಗಳೂರಿನ ಒಬ್ಬರು ಫೋನಿನಲ್ಲಿ ಆ ಹೆಸರು ಒತ್ತಿದಾಗ ಫೋನ್ ತಾನೇ ಊರೆಲ್ಲ ಸುತ್ತುವುದಿಲ್ಲ. ಅವರ ಇಂಟರ್‌ನೆಟ್ ಕಂಪನಿಯ ರಿಸಾಲ್ವರ್‌ಗೆ ಕೆಲಸ ಒಪ್ಪಿಸುತ್ತದೆ. ರಿಸಾಲ್ವರ್ ಅಂದರೆ ನಮ್ಮ ಪರವಾಗಿ ದಾರಿ ಕೇಳಿಕೊಂಡು ಬರುವ ಸರ್ವರ್. ಅದು ಮೊದಲು ಎಲ್ಲಕ್ಕಿಂತ ಮೇಲಿರುವ ರೂಟ್ ಸರ್ವರನ್ನು ಕೇಳುತ್ತದೆ. ರೂಟ್ ಸರ್ವರ್‌ಗಳಿಗೆ ಎ ಇಂದ ಎಂ ವರೆಗೆ 13 ಹೆಸರುಗಳಿವೆ, 12 ಸಂಸ್ಥೆಗಳು ಅವನ್ನು ನಡೆಸುತ್ತವೆ. ಒಂದೊಂದು ಹೆಸರಿಗೂ ಪ್ರಪಂಚದಾದ್ಯಂತ ಅನೇಕ ಯಂತ್ರಗಳು ಉತ್ತರ ಕೊಡುತ್ತವೆ. ರೂಟ್ "ನಮ್ಮತೋಟ ನನಗೆ ಗೊತ್ತಿಲ್ಲ, .ಇನ್ ನೋಡಿಕೊಳ್ಳುವವರು ಇವರು" ಅನ್ನುತ್ತದೆ. .ಇನ್ ಹೆಸರುಗಳ ಜವಾಬ್ದಾರಿ ನಮ್ಮ ದೇಶದ ನಿಕ್ಸಿ ಸಂಸ್ಥೆಯದ್ದು. ಅವರ ಸರ್ವರ್ "ನಮ್ಮತೋಟದ ಲೆಕ್ಕ ಇರುವುದು ಈ ನೇಮ್‌ಸರ್ವರಿನಲ್ಲಿ" ಅಂತ ಮುಂದೆ ಕಳಿಸುತ್ತದೆ. ಆ ಕೊನೆಯ ನೇಮ್‌ಸರ್ವರೇ ನನ್ನ ಶೆಲ್ಫಿನ ಮೇಲಿದ್ದದ್ದು. ಅದು ಐಪಿ ವಿಳಾಸ, ಅಂದರೆ ಸರ್ವರಿನ ಅಂಕಿಯ ವಿಳಾಸ, ಹೇಳಿದ ಮೇಲೆಯೇ ಬ್ರೌಸರ್ ಮುಂಬೈನ ಸರ್ವರ್ ಕಡೆ ಹೊರಡುವುದು.

ಮೊದಲು ಹೀಗಿರಲಿಲ್ಲ. ಇಂಟರ್‌ನೆಟ್ಟಿಗೆ ಮೊದಲಿದ್ದ ಅಮೆರಿಕದ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಫೈಲಿನಲ್ಲಿ ಇರುತ್ತಿತ್ತು. ಹೊಸ ಹೆಸರು ಸೇರಿಸಬೇಕಾದರೆ ಕ್ಯಾಲಿಫೋರ್ನಿಯಾದ ಒಂದು ಕಚೇರಿಗೆ ಹೇಳಬೇಕಿತ್ತು, ಉಳಿದವರೆಲ್ಲ ಆ ಫೈಲನ್ನು ಪದೇ ಪದೇ ಇಳಿಸಿಕೊಳ್ಳಬೇಕಿತ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಆ ಫೈಲನ್ನೇ ಹಂಚಿಬಿಡುವ ದಾರಿ ತೋರಿಸಿದರು. ಯಾರ ಹೆಸರೋ ಅವರೇ ಲೆಕ್ಕ ಇಟ್ಟುಕೊಳ್ಳಲಿ, ಮೇಲಿನವರು ಅವರ ಕಡೆ ಕೈತೋರಿಸಿದರೆ ಸಾಕು. ಹಾಸನದ ಒಂದು ಮನೆಯಲ್ಲಿ ಕೂತು ಇಡೀ ಲೋಕಕ್ಕೆ ಉತ್ತರ ಹೇಳುವ ಹಕ್ಕು ನಮಗೆ ಬಂದದ್ದು ಆ ಯೋಚನೆಯಿಂದ. ನನಗೆ ಇದು ಇವತ್ತಿಗೂ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ಹೆಸರೊಂದನ್ನು ನೋಂದಾಯಿಸಿ, ಸರ್ವರ್ ನಿಲ್ಲಿಸಿದರೆ ಆಯಿತು.

ಇಲ್ಲಿ ಒಂದು ಗಂಟಿದೆ. ನಮ್ಮತೋಟ.ಇನ್ ಲೆಕ್ಕ ಇರುವ ನೇಮ್‌ಸರ್ವರಿಗೆ ನಾವು ಎನ್‌ಎಸ್1.ನಮ್ಮತೋಟ.ಇನ್ ಅಂತಲೇ ಹೆಸರಿಟ್ಟರೆ ಏನಾಗುತ್ತದೆ? ಅದರ ವಿಳಾಸ ಯಾರು ಹೇಳಬೇಕು? ನಮ್ಮತೋಟ.ಇನ್ ಹೇಳಬೇಕು. ನಮ್ಮತೋಟ.ಇನ್ ಬಗ್ಗೆ ಯಾರನ್ನು ಕೇಳಬೇಕು? ಎನ್‌ಎಸ್1 ಅನ್ನೇ ಕೇಳಬೇಕು. ತೋಟದ ಮನೆಗೆ ದಾರಿ ಗೊತ್ತಿರುವವರು ಒಬ್ಬರೇ, ಅವರು ಆ ಮನೆಯೊಳಗೇ ಇದ್ದಾರೆ ಅಂದಹಾಗೆ ಆಯಿತು. ಅದಕ್ಕೇ ಮೇಲಿನವರ ಹತ್ತಿರವೇ, ಇಲ್ಲಿ .ಇನ್ ಹತ್ತಿರವೇ, ಎನ್‌ಎಸ್1ರ ಐಪಿ ವಿಳಾಸವನ್ನೂ ಬರೆಸಿ ಇಡಬೇಕು. ಇದಕ್ಕೆ ಗ್ಲೂ ರೆಕಾರ್ಡ್ ಅನ್ನುತ್ತಾರೆ. ಡೊಮೇನ್ ಕೊಂಡ ರಿಜಿಸ್ಟ್ರಾರ್ ಪುಟದಲ್ಲಿ ಇದು ಒಂದೊಂದು ಕಡೆ ಒಂದೊಂದು ಹೆಸರಲ್ಲಿ ಇರುತ್ತದೆ. ಕೆಲವರು ಹೋಸ್ಟ್‌ನೇಮ್ ಅನ್ನುತ್ತಾರೆ, ಕೆಲವರು ಚೈಲ್ಡ್ ನೇಮ್‌ಸರ್ವರ್ ಅನ್ನುತ್ತಾರೆ. ನೇಮ್‌ಸರ್ವರ್ ಹೆಸರು ಬರೆದು ಗ್ಲೂ ಬರೆಯದೆ ಬಿಟ್ಟವರು "ಎಲ್ಲ ಸರಿ ಇದೆ, ಆದ್ರೂ ಬರ್ತಿಲ್ಲ" ಅಂತ ಒದ್ದಾಡುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಅಕ್ಕನ ಫೋನಲ್ಲಿ ಮಾತ್ರ ಯಾಕೆ ಬಂತು

ಪ್ರತಿ ಸಲ ಇಷ್ಟೆಲ್ಲ ದಾರಿ ಕೇಳುತ್ತಾ ಕೂತರೆ ಆಗುವುದಿಲ್ಲ ಅಲ್ವಾ. ಅದಕ್ಕೆ ರಿಸಾಲ್ವರ್ ಒಮ್ಮೆ ತಿಳಿದದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ನೆನಪಿಡಬೇಕು ಅನ್ನೋದನ್ನು ನಾವೇ ಸೆಕೆಂಡುಗಳಲ್ಲಿ ಬರೆದಿರುತ್ತೇವೆ. ಅದೇ ಟಿಟಿಎಲ್. ನಾನು 86400 ಬರೆದಿದ್ದೆ, ಅಂದರೆ ಒಂದು ದಿನ. ಹಿಂದಿನ ಸಂಜೆ ಅಕ್ಕ ತನ್ನ ಸೈಟ್ ತೆರೆದಿದ್ದಳು. ಅವಳ ಇಂಟರ್‌ನೆಟ್ ಕಂಪನಿಯ ರಿಸಾಲ್ವರಿಗೆ ಉತ್ತರ ಇನ್ನೂ ನೆನಪಿತ್ತು. ಬೆಂಗಳೂರಿನವರ ರಿಸಾಲ್ವರ್ ಹೊಸದಾಗಿ ಕೇಳಬೇಕಿತ್ತು. ಕೇಳಿತು, ಉತ್ತರ ಬರಲಿಲ್ಲ. ಸಂಜೆಯ ಹೊತ್ತಿಗೆ ಅಕ್ಕನ ಫೋನಲ್ಲೂ ಬರಲಿಲ್ಲ.

ಇಮೇಲ್ ಮಾತ್ರ ಉಳಿಯಿತು. ಕಳಿಸುವ ಮೇಲ್ ಸರ್ವರಿಗೆ ಹೆಸರಿನ ಉತ್ತರ ಸಿಗದಿದ್ದರೆ ಅದು ಕಾಗದವನ್ನು ಎಸೆಯುವುದಿಲ್ಲ. ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನ ಮಾಡಬೇಕು ಅನ್ನುವುದು ಮೇಲ್ ಸರ್ವರ್‌ಗಳ ರೂಢಿ. ಫೈಬರ್ ಬಂದ ಮೇಲೆ ಎರಡು ದಿನದ ಬುಕಿಂಗ್ ಮೇಲ್‌ಗಳು ಒಟ್ಟಿಗೆ ಬಂದು ಬಿದ್ದವು. ಫೋನ್ ನಂಬರ್ ಗೊತ್ತಿಲ್ಲದೆ ವೆಬ್‌ಸೈಟ್ ಒಂದನ್ನೇ ನಂಬಿದವರು ಬೇರೆ ಹೋಮ್‌ಸ್ಟೇ ನೋಡಿಕೊಂಡಿದ್ದರು. ಭಾವ ಏನೂ ಅನ್ನಲಿಲ್ಲ. ನನಗೆ ಬಹಳ ಬೇಜಾರಾಯಿತು.

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯಾ? ಒಂಬತ್ತು ಗಂಟೆ ದಾಟಿದ ಮೇಲೆ ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಸುಮಾರು ಆರು ಗಂಟೆ ಹೊತ್ತು ಬರಲಿಲ್ಲ. ರಿಪೇರಿ ಕೆಲಸದ ಒಂದು ಕಮಾಂಡಿನಿಂದ ಅವರ ಒಳಜಾಲವೇ ಕಡಿದುಹೋಗಿತ್ತು. ಅದರಿಂದಾಗಿ ಅವರ ನೇಮ್‌ಸರ್ವರ್‌ಗಳಿಗೆ ಹೋಗುವ ದಾರಿಯೂ ಇಂಟರ್‌ನೆಟ್ಟಿನಿಂದ ಮಾಯವಾಯಿತು. ನೇಮ್‌ಸರ್ವರ್‌ಗಳು ಬದುಕಿಯೇ ಇದ್ದವು, ಆದರೆ ಯಾರೂ ಅವನ್ನು ಮುಟ್ಟುವ ಹಾಗಿರಲಿಲ್ಲ. ಅಷ್ಟು ದೊಡ್ಡ ಕಂಪನಿಗೂ, ನನ್ನ ಶೆಲ್ಫಿನ ಸಣ್ಣ ಪೆಟ್ಟಿಗೆಗೂ ಆದದ್ದು ಒಂದೇ. ಹೆಸರಿಗೆ ಉತ್ತರ ಕೊಡುವವರು ಸಿಗದಿದ್ದರೆ ಹಿಂದೆ ಏನಿದ್ದರೂ ಇಲ್ಲದ ಹಾಗೆ.

ಅದಕ್ಕೇ ಒಂದು ಡೊಮೇನಿಗೆ ಕನಿಷ್ಠ ಎರಡು ನೇಮ್‌ಸರ್ವರ್ ಇರಬೇಕು ಅನ್ನುವುದು ಮೊದಲಿನಿಂದಲೂ ಇರುವ ನಿಯಮ. ಅವೆರಡೂ ಒಂದೇ ಕಟ್ಟಡದಲ್ಲಿ, ಒಂದೇ ಲೈನಿನಲ್ಲಿ ಇರಬಾರದು ಅಂತ 1997ರಲ್ಲೇ ಬರೆದಿಟ್ಟಿದ್ದಾರೆ. ನಾನು ಆಗ ಎರಡು ಹೆಸರು ಕೊಟ್ಟಿದ್ದೆ, ಎರಡೂ ಒಂದೇ ರೂಟರ್ ಹಿಂದೆ ಇದ್ದವು. ಲೆಕ್ಕಕ್ಕೆ ಎರಡು, ಕೊಂಬೆ ಬಿದ್ದಾಗ ಒಂದೂ ಇಲ್ಲ. ನಮ್ಮ ಹಾಸನದವರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ನಿಯಂತ್ರಣ ಕೇಂದ್ರ, 1982ರಿಂದ ನಮ್ಮ ಊರಲ್ಲಿದೆ. ಭೂಮಿಯ ಜೊತೆಜೊತೆಗೇ ಸುತ್ತುವ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಆದರೂ 2005ರಲ್ಲಿ ಭೋಪಾಲ್‌ನಲ್ಲಿ ಇನ್ನೊಂದು ಎಂಸಿಎಫ್ ಕಟ್ಟಿದರು. ಇನ್ನೊಂದು ಬೇಕು ಅಂದರೆ ಅದು ದೂರದಲ್ಲೇ ಇರಬೇಕು.

ಮನೆಯ ಲೈನು ಯಾಕೆ ಒಪ್ಪುವುದಿಲ್ಲ

ಮರ ಬೀಳದಿದ್ದರೂ ಮನೆಯ ಇಂಟರ್‌ನೆಟ್‌ಗೆ ಅದರದೇ ಆದ ಅಡ್ಡಿಗಳಿವೆ. ದೊಡ್ಡದು ಸಿಜಿನ್ಯಾಟ್.

ಹಳೆಯ ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಪ್ರಪಂಚದ ದಾಸ್ತಾನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಹಾಗಾಗಿ ಇಂಟರ್‌ನೆಟ್ ಕಂಪನಿಗಳು ಒಂದೇ ಹೊರಗಿನ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂರಿಸುತ್ತವೆ. ಇದನ್ನು ಹಳೇ ವಠಾರದ ಹಾಗೆ ಯೋಚಿಸಿ. ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಮನೆ. ನೀವು ಹೊರಗೆ ಹೋಗಿ ಏನಾದರೂ ತರಬಹುದು. ನೀವು ಬರೆದ ಕಾಗದಕ್ಕೆ ಉತ್ತರ ಬಂದರೆ ಬಾಗಿಲಲ್ಲಿ ನಿಂತವನು ಗುರುತು ಹಿಡಿದು ನಿಮಗೆ ತಲುಪಿಸುತ್ತಾನೆ. ಆದರೆ ಗೊತ್ತಿಲ್ಲದವರು ಬಂದು ಬಾಗಿಲು ತಟ್ಟಿದರೆ ಯಾವ ಮನೆಗೆ ಬಂದವರು ಅಂತ ಅವನಿಗೆ ತಿಳಿಯುವುದಿಲ್ಲ, ವಾಪಸ್ ಕಳಿಸುತ್ತಾನೆ. ನೇಮ್‌ಸರ್ವರಿನ ಕೆಲಸವೇ ಹಾಗೆ ಬಾಗಿಲು ತಟ್ಟಿದ ಗೊತ್ತಿಲ್ಲದವರಿಗೆ ಉತ್ತರ ಹೇಳುವುದು.

ನಿಮ್ಮ ಮನೆ ವಠಾರದಲ್ಲಿದೆಯಾ ಅಂತ ನೋಡುವುದು ಸುಲಭ. ರೂಟರ್ ಪುಟ ತೆರೆದು ವ್ಯಾನ್ ಐಪಿ ಅನ್ನುವ ಸಾಲು ಓದಿ. ಅಲ್ಲಿ 100.64ರಿಂದ 100.127ರ ಒಳಗೆ ಶುರುವಾಗುವ ವಿಳಾಸ ಇದ್ದರೆ ಅದು ಸಿಜಿನ್ಯಾಟ್. 2012ರಲ್ಲಿ ಈ ಕೆಲಸಕ್ಕೆ ಅಂತಲೇ ಮೀಸಲಿಟ್ಟ ಸಾಲು ಅದು. 10ರಿಂದ ಶುರುವಾಗುವ ವಿಳಾಸ ಇದ್ದರೂ ಕಥೆ ಅದೇ. ನಿಮ್ಮ ಹೊರಗಿನ ಐಪಿ ತೋರಿಸುವ ಯಾವುದಾದರೂ ಪುಟದಲ್ಲಿ ಕಾಣುವ ವಿಳಾಸಕ್ಕೂ ಇದಕ್ಕೂ ಹೊಂದದಿದ್ದರೆ ನಡುವೆ ಯಾರೋ ಇದ್ದಾರೆ ಅಂತಲೇ ಅರ್ಥ. ಆಗ ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಏರ್ಪಾಡು) ಮಾಡಿದರೂ ಉಪಯೋಗವಿಲ್ಲ. ಆ ರೂಟರ್ ನಿಮ್ಮದು, ಬೀದಿ ಬಾಗಿಲು ಕಂಪನಿಯದು.

ಹೊರಗಿನ ವಿಳಾಸ ಸಿಕ್ಕಿತು ಅಂದುಕೊಳ್ಳಿ. ಅದು ಬದಲಾಗುತ್ತಿದ್ದರೆ ಇನ್ನೊಂದು ತೊಂದರೆ. ಕ್ಯಾಮೆರಾಗೋ ಫೈಲ್ ಸರ್ವರಿಗೋ ಡೈನಾಮಿಕ್ ಡಿಎನ್‌ಎಸ್ ಸಾಕಾಗುತ್ತದೆ, ವಿಳಾಸ ಬದಲಾದ ಕೂಡಲೇ ರೆಕಾರ್ಡ್ ತಿದ್ದಿದರೆ ಆಯಿತು. ಆದರೆ ನೇಮ್‌ಸರ್ವರಿನದೇ ವಿಳಾಸ ಬದಲಾದರೆ ತಿದ್ದಬೇಕಾದದ್ದು ಮೇಲಿನವರ ಹತ್ತಿರ ಇರುವ ಗ್ಲೂ. ಅದರ ಟಿಟಿಎಲ್ ನಮ್ಮ ಕೈಯಲ್ಲಿಲ್ಲ. .ಕಾಮ್ ಹೆಸರುಗಳಿಗೆ ಅದು 172800 ಸೆಕೆಂಡು, ಪೂರ್ತಿ ಎರಡು ದಿನ. ಆ ಎರಡು ದಿನ ಜನ ಹಳೇ ಮನೆಯ ಬಾಗಿಲು ತಟ್ಟುತ್ತಿರಬಹುದು. ಆದ್ದರಿಂದ ಮನೆಯಿಂದಲೇ ಉತ್ತರ ಕೊಡಬೇಕು ಅಂದರೆ ಬದಲಾಗದ ವಿಳಾಸ, ಸ್ಟ್ಯಾಟಿಕ್ ಐಪಿ, ಇರಲೇಬೇಕು. ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು ಕೊಡಬೇಕು, ಕೆಲವು ಪ್ಲಾನಿನಲ್ಲಿ ಕೊಡುವುದೇ ಇಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6ರಲ್ಲಿ ವಠಾರದ ತೊಂದರೆ ಇಲ್ಲ. ಆದರೆ ಐಪಿವಿ4 ಮಾತ್ರ ಗೊತ್ತಿರುವ ರಿಸಾಲ್ವರ್‌ಗಳು ಇನ್ನೂ ಇವೆ, ಅವಕ್ಕೆ ನಿಮ್ಮ ಐಪಿವಿ6 ಸರ್ವರ್ ಕಾಣುವುದೇ ಇಲ್ಲ.

ಪೋರ್ಟ್ ತೆರೆಯುವಾಗ ಒಂದು ಮಾತು. ಡಿಎನ್‌ಎಸ್ ಪೋರ್ಟ್ 53. ಮಾಹಿತಿ ಸಾಗಿಸುವ ಎರಡು ಬಗೆಗಳಾದ ಯುಡಿಪಿ, ಟಿಸಿಪಿ ಎರಡಕ್ಕೂ ಅದನ್ನು ತೆರೆಯಬೇಕು. ಯುಡಿಪಿ ಮಾತ್ರ ತೆರೆದು ಕೂತರೆ ಸಣ್ಣ ಉತ್ತರಗಳೆಲ್ಲ ಸರಿಯಾಗಿ ಹೋಗುತ್ತವೆ, ಉದ್ದದ ಉತ್ತರ ಬಂದಾಗ ಕೈಕೊಡುತ್ತದೆ. ಒಮ್ಮೊಮ್ಮೆ ಮಾತ್ರ ಬರುವ ತೊಂದರೆ ಹುಡುಕುವುದು ಎಷ್ಟು ಕಷ್ಟ ಅಂತ ಇಂಥ ಕೆಲಸ ಮಾಡುವವರಿಗೆ ಗೊತ್ತು. ಮತ್ತೆ, ಪರೀಕ್ಷೆ ಮಾಡುವಾಗ ಮನೆಯ ವೈಫೈಯಿಂದ ನೋಡಬೇಡಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಕೇಳಿ ನೋಡಿ. ಒಳಗಿನಿಂದ ಕೇಳಿದರೆ ಹೊರಗಿನವರಿಗೆ ಏನು ಕಾಣುತ್ತದೆ ಅಂತ ಗೊತ್ತಾಗುವುದಿಲ್ಲ.

ಮೂಲ ಪ್ರತಿ ಬೀರುವಿನಲ್ಲಿ

ಆಸ್ತಿಯ ಕ್ರಯಪತ್ರವನ್ನು ಯಾರೂ ಜೇಬಿನಲ್ಲಿ ಇಟ್ಟುಕೊಂಡು ತಿರುಗುವುದಿಲ್ಲ. ಮೂಲ ಪ್ರತಿ ಬೀರುವಿನಲ್ಲಿ ಇರುತ್ತದೆ. ಬ್ಯಾಂಕಿಗೆ, ಕಚೇರಿಗೆ ಕೊಡುವುದು ನಕಲು. ನಾನು ನೇಮ್‌ಸರ್ವರಿಗೆ ಮಾಡಿದ್ದೂ ಇಷ್ಟೇ. ಇದಕ್ಕೆ ಹಿಡನ್ ಪ್ರೈಮರಿ ಅಂತ ಹೆಸರು. ತಿದ್ದುಪಡಿ ಎಲ್ಲ ಆಗುವ ಮೂಲ ಝೋನ್ ಫೈಲ್, ಅಂದರೆ ಡೊಮೇನಿನ ಹೆಸರುಗಳ ಲೆಕ್ಕ ಇರುವ ಫೈಲ್, ಹಾಸನದ ಮನೆಯಲ್ಲಿದೆ. ಲೋಕಕ್ಕೆ ಉತ್ತರ ಕೊಡುವುದು ಹೊರಗಿನ ಎರಡು ಸೆಕೆಂಡರಿ ಸರ್ವರ್‌ಗಳು, ಒಂದು ಮುಂಬೈನಲ್ಲಿ, ಇನ್ನೊಂದು ಸಿಂಗಾಪುರದಲ್ಲಿ. ರಿಜಿಸ್ಟ್ರಾರ್ ಹತ್ತಿರ ಬರೆಸಿರುವುದು ಅವೆರಡರ ಹೆಸರು, ಗ್ಲೂ ಇರುವುದೂ ಅವೆರಡರದೇ. ಮನೆಯ ಸರ್ವರ್ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಇದು ಬೈಂಡ್, ಎನ್‌ಎಸ್‌ಡಿ, ನಾಟ್, ಪವರ್‌ಡಿಎನ್‌ಎಸ್ ಅನ್ನುವ ನೇಮ್‌ಸರ್ವರ್ ಸಾಫ್ಟ್‌ವೇರ್‌ಗಳೆಲ್ಲದರಲ್ಲೂ ಆಗುತ್ತದೆ. ನಾನು ಬಳಸುವುದು ಎನ್‌ಎಸ್‌ಡಿ, ಅದು ಉತ್ತರ ಕೊಡುವ ಕೆಲಸ ಬಿಟ್ಟು ಬೇರೇನೂ ಮಾಡುವುದಿಲ್ಲ ಅನ್ನುವ ಕಾರಣಕ್ಕೆ. ನಾನು ಫೈಲ್ ತಿದ್ದಿ ಉಳಿಸಿ, ರಿಲೋಡ್ ಮಾಡಿದ ಕೂಡಲೇ ಮನೆಯ ಸರ್ವರ್ "ಬದಲಾವಣೆ ಇದೆ" ಅಂತ ಹೊರಗಿನ ಎರಡಕ್ಕೂ ಒಂದು ಸಣ್ಣ ಸುದ್ದಿ ಕಳಿಸುತ್ತದೆ. ಅವು ಬಂದು ಹೊಸ ನಕಲು ತೆಗೆದುಕೊಂಡು ಹೋಗುತ್ತವೆ.

ವಠಾರದಲ್ಲಿ ಇರುವವರು ಏನು ಮಾಡಬೇಕು? ನಕಲು ತೆಗೆದುಕೊಳ್ಳಲು ಹೊರಗಿನ ಸರ್ವರ್ ಮನೆಗೆ ಬರಬೇಕಲ್ಲ? ಇಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಸಾಫ್ಟ್‌ವೇರ್ ಕೈಹಿಡಿಯುತ್ತದೆ. ಮನೆಯ ಕಂಪ್ಯೂಟರ್ ತಾನೇ ಹೊರಗೆ ಹೋಗಿ ಮುಂಬೈ ಸರ್ವರ್ ಜೊತೆ ಒಂದು ಸುರಂಗ ಕಟ್ಟಿಕೊಳ್ಳುತ್ತದೆ. 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತಾ ಆ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಮುಂಬೈ ಸರ್ವರ್ ಆ ಸುರಂಗದಲ್ಲೇ ಬಂದು ನಕಲು ತೆಗೆದುಕೊಳ್ಳುತ್ತದೆ. ಸಿಂಗಾಪುರದ್ದು ಮುಂಬೈಯಿಂದ ತೆಗೆದುಕೊಂಡರೂ ಸಾಕು. ಸ್ಟ್ಯಾಟಿಕ್ ಐಪಿ ಬೇಡ, ಪೋರ್ಟ್ ತೆರೆಯುವುದು ಬೇಡ, ಕಂಪನಿಗೆ ಫೋನ್ ಮಾಡಿ ಕೇಳುವುದೂ ಬೇಡ.

ಮನೆಯ ಲೈನ್ ಹೋದರೆ ಏನು? ಹೊರಗಿನವು ತಮ್ಮ ಹತ್ತಿರ ಇರುವ ನಕಲಿನಿಂದಲೇ ಉತ್ತರ ಕೊಡುತ್ತಾ ಇರುತ್ತವೆ. ಎಷ್ಟು ದಿನ ಅನ್ನೋದು ಝೋನ್ ಫೈಲಿನ ತಲೆಯಲ್ಲಿರುವ ಎಸ್‌ಒಎ ಸಾಲಿನಲ್ಲಿ ಇದೆ. ನನ್ನದರಲ್ಲಿ ರಿಫ್ರೆಶ್ 7200, ರಿಟ್ರೈ 900, ಎಕ್ಸ್‌ಪೈರ್ 1209600, ಕೊನೆಯದು 3600. ಎರಡು ಗಂಟೆಗೊಮ್ಮೆ ಬಂದು ವಿಚಾರಿಸು, ಸಿಗದಿದ್ದರೆ ಕಾಲು ಗಂಟೆಗೊಮ್ಮೆ ಪ್ರಯತ್ನ ಮಾಡು, ಹದಿನಾಲ್ಕು ದಿನ ಸಿಗದೇ ಹೋದರೆ ಮಾತ್ರ ನಕಲನ್ನು ಕೈಬಿಡು ಅಂತ ಅರ್ಥ. ಕೊನೆಯ ಅಂಕಿ "ಇಂಥ ಹೆಸರೇ ಇಲ್ಲ" ಅನ್ನುವ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕು ಅನ್ನೋದಕ್ಕೆ. ಹೊಸ ಹೆಸರು ಸೇರಿಸುವ ಮೊದಲೇ ಆತುರಕ್ಕೆ ಅದನ್ನು ತೆರೆದು ನೋಡಿದರೆ, ಆಮೇಲೆ ಸೇರಿಸಿದರೂ ಒಂದು ಗಂಟೆ "ಇಲ್ಲ" ಅಂತಲೇ ಬರುತ್ತದೆ.

ಈ ನಾಲ್ಕರಲ್ಲಿ ಎಕ್ಸ್‌ಪೈರ್ ಅಂಕಿಯನ್ನು ಎರಡು ಸಲ ನೋಡಿ. ಎಲ್ಲಿಂದಲೋ ನಕಲು ಮಾಡಿದ ಫೈಲಿನಲ್ಲಿ 86400 ಇದ್ದರೆ, ಮನೆಯ ಲೈನ್ ಒಂದು ದಿನ ಹೋದ ಕೂಡಲೇ ಹೊರಗಿನವೂ ಬಾಯಿ ಮುಚ್ಚುತ್ತವೆ. ಮಲೆನಾಡಿನ ಮಳೆಗಾಲಕ್ಕೆ ಒಂದು ದಿನ ಯಾವ ಲೆಕ್ಕ? ಡಿಎನ್‌ಎಸ್‌ಸೆಕ್ ಹಾಕಿದ್ದರೆ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಪ್ರತಿ ಉತ್ತರಕ್ಕೂ ಸಹಿ ಇರುತ್ತದೆ, ಪ್ರತಿ ಸಹಿಗೂ ಅವಧಿ ಇರುತ್ತದೆ. ಸಹಿ ಹಾಕುವ ಕೀ ಮನೆಯಲ್ಲಿದ್ದು, ಮನೆ ವಾರಗಟ್ಟಲೆ ಕತ್ತಲಲ್ಲಿದ್ದರೆ ಹೊರಗಿನ ನಕಲಿನ ಸಹಿ ಹಳತಾಗಿಹೋಗುತ್ತದೆ.

ಮುಂದಿನ ಮಳೆಗಾಲದಲ್ಲಿ ಮತ್ತೆ ಫೈಬರ್ ತುಂಡಾಯಿತು, ಈ ಸಲ ಮೂರು ದಿನ. ಲೈನ್ ಬಂದ ಮೇಲೆ ಮುಂಬೈ ಸರ್ವರಿನ ಲಾಗ್ ತೆಗೆದು ನೋಡಿದೆ. ಕಾಲು ಗಂಟೆಗೊಂದು ಸಾಲು, ಮನೆ ಸಿಗಲಿಲ್ಲ, ಮನೆ ಸಿಗಲಿಲ್ಲ ಅಂತ ಇನ್ನೂರೆಂಬತ್ತಕ್ಕೂ ಜಾಸ್ತಿ ಸಾಲು. ಆ ಮೂರೂ ದಿನ ಅದು ಕೇಳಿದವರಿಗೆಲ್ಲ ಉತ್ತರ ಕೊಟ್ಟಿತ್ತು. ಅಕ್ಕನಿಗೆ ವಿಷಯವೇ ಗೊತ್ತಿರಲಿಲ್ಲ.

ಸೀರಿಯಲ್ ನಂಬರ್, ಗಡಿಯಾರ, ಬೀಗ

ಹೊರಗಿನ ಸರ್ವರಿಗೆ ಮೂಲ ಬದಲಾಗಿದೆ ಅಂತ ಗೊತ್ತಾಗುವುದು ಅದೇ ಎಸ್‌ಒಎ ಸಾಲಿನಲ್ಲಿರುವ ಸೀರಿಯಲ್ ನಂಬರಿನಿಂದ. ತಮ್ಮ ಹತ್ತಿರ ಇರುವುದಕ್ಕಿಂತ ಮನೆಯದು ದೊಡ್ಡದಾಗಿದ್ದರೆ ಮಾತ್ರ ನಕಲು ತೆಗೆದುಕೊಳ್ಳುತ್ತವೆ. ಹೆಚ್ಚಿನವರು ತಾರೀಖನ್ನೇ ಬರೆಯುತ್ತಾರೆ. ವರ್ಷ, ತಿಂಗಳು, ದಿನ, ಆಮೇಲೆ ಆ ದಿನದ ಎಷ್ಟನೇ ತಿದ್ದುಪಡಿ ಅಂತ ಎರಡು ಅಂಕಿ. ಒಂದು ರಾತ್ರಿ 2024061501 ಬರೆಯುವ ಕಡೆ ನಾನು 2042061501 ಬರೆದೆ. ಮಾರನೇ ದಿನ ಸರಿಯಾದ ತಾರೀಖು ಹಾಕಿ ಹೊಸ ರೆಕಾರ್ಡ್ ಸೇರಿಸಿದೆ. ಮನೆಯಲ್ಲಿ ಕೇಳಿದರೆ ಹೊಸ ಉತ್ತರ, ಹೊರಗೆ ಕೇಳಿದರೆ ಹಳೇದು. ಹೊರಗಿನವು "ನನ್ನ ಹತ್ತಿರ ಇರೋದೇ ಹೊಸದು" ಅಂತ ಕೂತಿದ್ದವು.

ಇದನ್ನು ಬಿಡಿಸುವ ಬಗೆ ಚೆನ್ನಾಗಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸೀರಿಯಲ್ ನಂಬರ್ 4294967295 ವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ತಿರುಗಿದ ಹಾಗೆ. ಆ ಚಕ್ರದಲ್ಲಿ ಮುಂದಕ್ಕೆ ಅರ್ಧದೊಳಗೆ ಇರುವುದೆಲ್ಲ "ಹೊಸದು". ಹಾಗಾಗಿ ತಪ್ಪು ನಂಬರಿಗೆ 2147483647 ಕೂಡಿಸಬೇಕು. ನನಗೆ 4189545148 ಬಂತು. ಅದನ್ನು ಬರೆದು, ಎರಡೂ ಸರ್ವರ್ ಅದನ್ನು ತೆಗೆದುಕೊಂಡವಾ ಅಂತ ನೇಮ್‌ಸರ್ವರಿಗೆ ಪ್ರಶ್ನೆ ಕಳಿಸುವ ಡಿಗ್ ಕಮಾಂಡಿನಿಂದ ಒಂದೊಂದನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ 2024061601 ಬರೆದೆ. ಚಕ್ರ ಸುತ್ತಿ ಬಂದದ್ದರಿಂದ ಈಗ ಅದೇ ಮುಂದಿನದು. ಎರಡೂ ಒಪ್ಪಿಕೊಂಡವು.

ಗಡಿಯಾರದ ತೊಂದರೆ ನಮ್ಮಂಥ ಊರಿಗೆ ಬಹಳ ಹತ್ತಿರದ್ದು. ನಕಲು ತೆಗೆದುಕೊಳ್ಳುವಾಗ ಇದು ನಿಜವಾಗಿ ನನ್ನ ಸರ್ವರೇ ಅಂತ ತಿಳಿಯಲು ಟಿಸಿಗ್ ಅನ್ನುವ ಗುಟ್ಟಿನ ಕೀ ಬಳಸುತ್ತೇವೆ. ಅದರಲ್ಲಿ ಸಮಯವೂ ಸೇರಿರುತ್ತದೆ. ಎರಡು ಕಡೆಯ ಗಡಿಯಾರದ ನಡುವೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಪ್ಪುವುದಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನ ನಾಲ್ಕನೇ ಮಾದರಿಯವರೆಗಿನ ಬೋರ್ಡುಗಳಲ್ಲಿ ಕರೆಂಟ್ ಹೋದಾಗಲೂ ಓಡುವ ಗಡಿಯಾರ ಇಲ್ಲ. ಎಂಟು ಗಂಟೆ ಕರೆಂಟ್ ಹೋಗಿ ಯುಪಿಎಸ್ ಕೂಡ ಬರಿದಾಗಿ, ಮತ್ತೆ ಶುರುವಾದಾಗ ಅದು ಇನ್ನೂ ಎಂಟು ಗಂಟೆ ಹಿಂದೆಯೇ ಇರುತ್ತದೆ. ಸಮಯ ಸರಿಮಾಡಿಕೊಳ್ಳಲು ಟೈಮ್ ಸರ್ವರನ್ನು ಕೇಳಬೇಕು. ಟೈಮ್ ಸರ್ವರ್ ಎಲ್ಲಿದೆ ಅಂತ ತಿಳಿಯಲು ಡಿಎನ್‌ಎಸ್ ಬೇಕು. ಆ ಯಂತ್ರ ತನ್ನದೇ ರಿಸಾಲ್ವರ್ ನಂಬಿ, ಆ ರಿಸಾಲ್ವರ್ ಡಿಎನ್‌ಎಸ್‌ಸೆಕ್ ಸಹಿ ನೋಡುತ್ತಿದ್ದರೆ, ತಪ್ಪು ಗಡಿಯಾರದಲ್ಲಿ ಸಹಿಗಳೂ ತಪ್ಪಾಗಿ ಕಾಣಬಹುದು. ಒಂದು ಟೈಮ್ ಸರ್ವರನ್ನಾದರೂ ಹೆಸರಿನ ಬದಲು ಐಪಿಯಿಂದಲೇ ಬರೆದಿಡಿ. ಅಥವಾ ಸಣ್ಣ ಬ್ಯಾಟರಿ ಇರುವ ಗಡಿಯಾರದ ಚಿಪ್ ಹಾಕಿ. ನಾನು ಎರಡನ್ನೂ ಮಾಡಿದ್ದೇನೆ. ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿದ್ದೂ ಕರೆಂಟಿನ ದೆಸೆಯಿಂದಲೇ. ಪದೇ ಪದೇ ಹೋಗಿ ಬರುವ ಕರೆಂಟಿಗೆ ಕಾರ್ಡ್ ತಡೆಯುವುದಿಲ್ಲ.

ಇನ್ನು ಬೀಗ. ಹೊರಗಿನ ಸರ್ವರ್ ತನ್ನ ಝೋನ್ ಬಿಟ್ಟು ಬೇರೆ ಯಾವ ಹೆಸರಿಗೂ ದಾರಿ ಹುಡುಕಿ ಕೊಡಬಾರದು. ಯಾರು ಏನು ಕೇಳಿದರೂ ಹುಡುಕಿ ಕೊಡುವ ಸರ್ವರಿಗೆ ಓಪನ್ ರಿಸಾಲ್ವರ್ ಅನ್ನುತ್ತಾರೆ. ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳು ಬರೆಯಬಹುದು. ಕೆಟ್ಟವರು ಬೇರೆಯವರ ವಿಳಾಸ ಹಾಕಿ ಸಣ್ಣ ಪ್ರಶ್ನೆ ಕೇಳುತ್ತಾರೆ, ಹತ್ತಾರು ಪಟ್ಟು ದೊಡ್ಡ ಉತ್ತರ ಆ ಅಮಾಯಕರ ಮೇಲೆ ಹೋಗಿ ಬೀಳುತ್ತದೆ. ಸಾವಿರಾರು ಸರ್ವರ್ ಸೇರಿದರೆ ಅವರ ಲೈನೇ ಮುಳುಗುತ್ತದೆ. ನಮ್ಮ ಸರ್ವರ್ ಅದಕ್ಕೆ ಕೈಜೋಡಿಸಬಾರದು, ಇದು ನಮ್ಮ ಜವಾಬ್ದಾರಿ. ಬೈಂಡ್ ಬಳಸುವವರು ರಿಕರ್ಷನ್ ಅನ್ನುವುದನ್ನು ಆಫ್ ಮಾಡಿ ಇಡಿ. ಒಂದೇ ಕಡೆಗೆ ಒಂದೇ ಉತ್ತರ ಪದೇ ಪದೇ ಹೋಗದಂತೆ ರೆಸ್ಪಾನ್ಸ್ ರೇಟ್ ಲಿಮಿಟ್ ಹಾಕಿ. ಇಡೀ ಝೋನಿನ ನಕಲು ಸೆಕೆಂಡರಿಗಳಿಗೆ ಮಾತ್ರ ಸಿಗಲಿ.

ಕೊನೆಗೆ ಕಂಪ್ಯೂಟರಿಗೆ ಸಂಬಂಧ ಇಲ್ಲದ ಒಂದು ಕೆಲಸ ಮಾಡಿದೆ. ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಯಾವ ತಾರೀಖಿಗೆ ದುಡ್ಡು ಕಟ್ಟಬೇಕು, ಎರಡು ನೇಮ್‌ಸರ್ವರ್ ಎಲ್ಲಿವೆ, ನಾನು ಸಿಗದಿದ್ದರೆ ಝೋನ್ ಫೈಲಿನ ಪ್ರಿಂಟ್ ಹಿಡಿದು ಬೇರೆ ಯಾವುದಾದರೂ ಡಿಎನ್‌ಎಸ್ ಸೇವೆಗೆ ಹೇಗೆ ಬದಲಾಯಿಸಬೇಕು, ಇದೆಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಆಲ್ದೂರಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಅದು ಅಕ್ಕನ ಬೀರುವಿನಲ್ಲಿ ತೋಟದ ಕಾಗದಪತ್ರಗಳ ಜೊತೆ ಇದೆ. ಪ್ರತಿ ವರ್ಷ ರಿನ್ಯೂ ಆದ ಮೇಲೆ ಭಾವ ಹಳೇ ವರ್ಷಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಾರೆ.